‘ಬರೀತಾ ಇರಿ’ ಅನ್ನುವವರು ದರವನ್ನೂ ಹೇಳಲಿ

‘ನಿಮ್ಮ ಬರವಣಿಗೆ ಚೆನ್ನಾಗಿದೆ. ಆದ್ರೆ ಸದ್ಯ ಹುದ್ದೆ ಇಲ್ಲ. ಹೊರಗಿನಿಂದ ಬರೀತಾ ಇರಿ.’ ಪತ್ರಿಕಾ ಕಚೇರಿಗೆ ಸಂದರ್ಶನಕ್ಕೆಂದು ಹೋಗಿ ಬರಿಗೈಲಿ ವಾಪಸಾದ ನನ್ನಂಥವರಿಗೆಲ್ಲ ಈ ಮಾತು ಬಾಯಿಪಾಠ. ಹೇಳುವವರ ದನಿಯಲ್ಲಿ ಕಾಳಜಿ ಇರುತ್ತದೆ, ಸುಳ್ಳಲ್ಲ. ಕೇಳಿಸಿಕೊಂಡವರೂ ಅರ್ಧ ಕೆಲಸ ಸಿಕ್ಕಿತೆಂದೇ ತಿಳಿದು ಮೆಜೆಸ್ಟಿಕ್‌ನಲ್ಲಿ ಬಸ್ಸು ಹತ್ತುತ್ತಾರೆ. ಆದರೆ ಯಾರಿಗೆ ಕಳಿಸಬೇಕು, ಎಷ್ಟುದ್ದ ಬರೆಯಬೇಕು, ಬೇಡವಾದರೆ ಯಾವಾಗ ತಿಳಿಸುತ್ತಾರೆ, ಹಾಕಿಕೊಂಡರೆ ಎಷ್ಟು ಕೊಡುತ್ತಾರೆ, ಇದಾವುದನ್ನೂ ಅವರು ಹೇಳಿರುವುದಿಲ್ಲ. ನಾವೂ ಕೇಳಿರುವುದಿಲ್ಲ. ಕನ್ನಡದಲ್ಲಿ ಬಿಡಿಯಾಗಿ ಬರೆದು ಬದುಕುವ ದಾರಿ ಹಿಡಿದವರ ಕಷ್ಟವೆಲ್ಲ ಶುರುವಾಗುವುದು ಈ ಹೇಳದ, ಕೇಳದ ಮಾತುಗಳಿಂದಲೇ ಎಂಬುದು ನನ್ನ ವಾದ.

ನಾನು ಬ್ಯಾಡಗಿಯವಳು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮದ ಎಂ.ಎ. ಮುಗಿಸಿ ಬೆಂಗಳೂರಿನ ಒಂದು ದಿನಪತ್ರಿಕೆಗೆ ಉಪಸಂಪಾದಕಿಯಾಗಲು ಅರ್ಜಿ ಹಾಕಿದ್ದೆ. ಲಿಖಿತ ಪರೀಕ್ಷೆಯಲ್ಲಿ ಪಿಟಿಐ ಸುದ್ದಿಯೊಂದನ್ನು ಕನ್ನಡಕ್ಕೆ ತರಿಸಿದರು, ಬಜೆಟ್ ಸುದ್ದಿಗೆ ಶೀರ್ಷಿಕೆ ಬರೆಸಿದರು, ತಪ್ಪುಗಳಿರುವ ಒಂದು ಪುಟ ಕೊಟ್ಟು ತಿದ್ದಿಸಿದರು. ಅದರಲ್ಲಿ ಪಾಸಾದದ್ದಕ್ಕೇ ಸಂದರ್ಶನಕ್ಕೆ ಕರೆ ಬಂತು. ಅಲ್ಲಿ ಬಂದ ಪ್ರಶ್ನೆಗಳು ಬೇರೆ: ರಾತ್ರಿ ಪಾಳಿ ಮುಗಿಯೋದು ಎರಡು ಗಂಟೆಗೆ, ಎಲ್ಲಿ ಉಳ್ಕೋತೀರಿ? ಮನೇಲಿ ಮದುವೆ ಮಾತುಕತೆ ಏನಾದ್ರೂ ನಡೀತಿದೆಯಾ? ನನ್ನ ಉತ್ತರಪತ್ರಿಕೆ ಮೇಜಿನ ಮೇಲೇ ಇತ್ತು. ಯಾರೂ ಅದನ್ನು ತಿರುವಿ ಹಾಕಲಿಲ್ಲ. ಕೊನೆಗೆ ಅದೇ ಮಾತು, ಬರೀತಾ ಇರಿ.

ಇದನ್ನು ದೂರು ಅಂತ ಹೇಳುತ್ತಿಲ್ಲ. ಕೆಲಸ ಸಿಗಲಿಲ್ಲವೆಂದ ಕೂಡಲೇ ‘ನನಗೆ ಬರೆಯೋಕೆ ಬರೋದಿಲ್ಲ’ ಎಂದು ಕುಗ್ಗಿ ಕೂರುವ ಹುಡುಗ ಹುಡುಗಿಯರಿಗಾಗಿ ಹೇಳುತ್ತಿದ್ದೇನೆ. ಹುದ್ದೆ ಸಿಗುವುದು ಬಿಡುವುದು ಪಾಳಿ, ಸಂಬಳ, ಖಾಲಿ ಕುರ್ಚಿ, ಯಾರ ಶಿಫಾರಸು, ಇಂಥ ಹತ್ತು ಕಾರಣಗಳ ಮೇಲೆ ನಿಂತಿರುತ್ತದೆ. ಬರವಣಿಗೆ ಅದರಲ್ಲಿ ಒಂದು, ಎಷ್ಟೋ ಸಲ ಕೊನೆಯದು. ಅದರಲ್ಲೂ 2020ರ ಕೋವಿಡ್ ಕಾಲದಲ್ಲಿ ಪುರವಣಿಗಳು ತೆಳುವಾದವು, ಡೆಸ್ಕುಗಳು ಒಂದರೊಳಗೊಂದು ಸೇರಿಹೋದವು. ಮೊದಲು ಇಬ್ಬರು ಮೂವರು ಮಾಡುತ್ತಿದ್ದ ಪುಟವನ್ನು ಈಗ ಒಬ್ಬರು ಮಾಡುತ್ತಾರೆ. ಹಾಗೆ ಆದ ಮೇಲೂ ಪುಟ ತುಂಬಲೇಬೇಕಲ್ಲ? ತುಂಬುವವರು ಹೊರಗಿನವರು. ಪತ್ರಿಕೆಗಳಿಗೆ ನಾವು ಬೇಕು. ನಮಗೆ ಪತ್ರಿಕೆ ಬೇಕಾಗಿರುವಷ್ಟೇ ಬೇಕು. ಇದನ್ನು ತಿಳಿದುಕೊಂಡು ಈ ಕೆಲಸಕ್ಕೆ ಇಳಿಯಬೇಕು.

ಇಳಿಯುವುದಾದರೆ ಎಲ್ಲಿಂದ? ಪತ್ರಿಕೋದ್ಯಮ ತರಗತಿಗಳಲ್ಲಿ ಹೇಳಿಕೊಡುವುದು ‘ಓದುಗರಿಗೆ ಆಸಕ್ತಿ ಇರುವ ವಿಷಯ ಆರಿಸಿಕೊಳ್ಳಿ’ ಎಂದು. ಅದರಿಂದ ಏನೂ ಹುಟ್ಟುವುದಿಲ್ಲ. ಆಸಕ್ತಿ ಇರುವ ವಿಷಯದ ಮೇಲೆ ಆಗಲೇ ನೂರು ಜನ ಬರೆದಿರುತ್ತಾರೆ. ನಿಮಗೆ ಗೊತ್ತಿದ್ದು ಬೆಂಗಳೂರಿನ ಡೆಸ್ಕಿಗೆ ಗೊತ್ತಿಲ್ಲದ್ದು ಏನಿದೆಯೋ ಅದನ್ನು ಹಿಡಿಯಿರಿ. ನನಗೆ ಗೊತ್ತಿದ್ದದ್ದು ಮೆಣಸಿನಕಾಯಿ.

ಬ್ಯಾಡಗಿ ಮೆಣಸಿನಕಾಯಿಯ ಹೆಸರು ಎಲ್ಲರಿಗೂ ಗೊತ್ತು. 2011ರಲ್ಲಿ ಅದಕ್ಕೆ ಜಿಐ ಮಾನ್ಯತೆ ಸಿಕ್ಕಿದ್ದು, ಖಾರ ಕಡಿಮೆ ಬಣ್ಣ ಹೆಚ್ಚು ಎಂಬುದು, ಆ ಬಣ್ಣ ತೆಗೆದು ಲಿಪ್‌ಸ್ಟಿಕ್‌ಗೂ ಹಾಕುತ್ತಾರೆ ಎಂಬುದು, ಇವನ್ನೆಲ್ಲ ಯಾವ ಉಪಸಂಪಾದಕರಾದರೂ ಕೂತಲ್ಲೇ ಬರೆಯುತ್ತಾರೆ. ಸೋಮವಾರ ಮತ್ತು ಗುರುವಾರ ಮಾರುಕಟ್ಟೆ ನಡೆಯುವ ದಿನ ಲಾರಿ ಬಂದು ಇಳಿಯುವ ಹೊತ್ತಿನಿಂದ ದರ ಬೀಳುವವರೆಗೆ ಏನಾಗುತ್ತದೆ ಎಂಬುದು ಅವರಿಗೆ ಗೊತ್ತಿಲ್ಲ. ನನ್ನಪ್ಪ ಅಲ್ಲಿ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವವರು. ಡಬ್ಬಿ ಯಾವುದು, ಕಡ್ಡಿ ಯಾವುದು ಎಂದು ಕಣ್ಣಿನಲ್ಲೇ ಗುರುತಿಸುವುದನ್ನು ನಾನು ಅಕ್ಷರ ಕಲಿಯುವುದಕ್ಕೆ ಮೊದಲೇ ಕಲಿತಿದ್ದೆ.

ಹಾಗಾಗಿ ಬರೆದ ಮೊದಲ ನುಡಿಚಿತ್ರ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರ ಕುರಿತದ್ದು. ಗೋಣಿತಾಟಿನ ಮೇಲೆ ಸಾಲಾಗಿ ಕೂತು, ಮೂಗು ಬಾಯಿಗೆ ಸೆರಗು ಕಟ್ಟಿಕೊಂಡು, ರಾಶಿಯಿಂದ ಒಂದೊಂದೇ ಕಾಯಿ ಎತ್ತಿ ಹೆಬ್ಬೆರಳಲ್ಲಿ ಒತ್ತಿ ತೊಟ್ಟು ಮುರಿಯುತ್ತಾರೆ. ಕೂಲಿ ದಿನದ ಲೆಕ್ಕವಲ್ಲ, ತೂಕದ ಲೆಕ್ಕ. ಬ್ಯಾಡಗಿ ಕಾಯಿಗೆ ಖಾರ ಕಡಿಮೆ ಅನ್ನುವವರು ಆ ಶೆಡ್ಡಿನಲ್ಲಿ ಅರ್ಧ ಗಂಟೆ ಕೂತು ಬರಲಿ, ಘಾಟು ಅಂದರೆ ಏನೆಂದು ತಿಳಿಯುತ್ತದೆ. ಸಂಜೆ ಎಷ್ಟು ತೊಳೆದರೂ ಕೈ ಉರಿ ಹೋಗುವುದಿಲ್ಲ. ಮನೆಗೆ ಹೋದ ಮೇಲೆ ಕೂಸನ್ನು ಎತ್ತಿಕೊಳ್ಳುವುದಕ್ಕೆ ಮೊದಲು ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿ ತಿಕ್ಕಿ ಒರೆಸಿಕೊಳ್ಳುತ್ತಾರೆ. ನನ್ನ ನೋಟ್‌ಬುಕ್ ನೋಡಿ ಅಲ್ಲಿದ್ದ ಹಿರಿಯಳೊಬ್ಬಳು ಕೇಳಿದಳು, ‘ಪೇಪರ್‌ನ್ಯಾಗ ಬರದ್ರ ನಮ್ಮ ಕೂಲಿ ಏರತೈತೇನವಾ ತಂಗಿ?’

‘ಏರತೈತಿ ಅಂತ ಹೇಳಾಕ ಬರೂದಿಲ್ಲ ದೊಡ್ಡವ್ವ’ ಅಂದೆ.

‘ಹೋಗ್ಲಿ, ನಿನಗಾರ ಕೂಲಿ ಕೊಡ್ತಾರಿಲ್ಲೋ?’

ಅದಕ್ಕೆ ಉತ್ತರ ನನ್ನ ಹತ್ತಿರ ಇರಲಿಲ್ಲ. ಲೇಖನ ಒಂದು ಪುರವಣಿಯಲ್ಲಿ ಬಂತು, ಹೆಸರಿನ ಸಮೇತ, ಅರ್ಧ ಪುಟ. ಬಂದದ್ದು ನನಗೆ ತಿಳಿದದ್ದು ಊರಿನ ಗೆಳತಿಯೊಬ್ಬಳು ವಾಟ್ಸಾಪ್ ಸ್ಟೇಟಸ್ ಹಾಕಿಕೊಂಡಾಗ. ಕೆಲವು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಬ್ಯಾಂಕಿನಿಂದ ಮೆಸೇಜು ಬಂತು, 500 ರೂಪಾಯಿ ಜಮಾ. ಯಾವುದಕ್ಕೆಂದು ಅದರಲ್ಲಿ ಬರೆದಿರಲಿಲ್ಲ. ಅದು ಆ ಲೇಖನದ ಸಂಭಾವನೆಯೆಂದು ಊಹಿಸಿಕೊಂಡೆ. ಈಗಲೂ ಅದು ಊಹೆಯೇ.

ಅಪ್ಪನಿಗೆ ಇದು ಅರ್ಥವೇ ಆಗಲಿಲ್ಲ. ‘ಪಟ್ಟಿ ಎಲ್ಲಿ?’ ಅಂದರು. ಮಾರುಕಟ್ಟೆಯಲ್ಲಿ ರೈತ ತಂದ ಮಾಲಿಗೆ ಲಾಟ್ ನಂಬರು ಬೀಳುತ್ತದೆ, ಖರೀದಿದಾರರು ಚೀಲ ಬಿಚ್ಚಿ ನೋಡಿ ಟೆಂಡರ್ ಹಾಕುತ್ತಾರೆ, ಯಾವ ಲಾಟಿಗೆ ಎಷ್ಟು ದರ ಬಿತ್ತು ಎಂಬುದು ಅವತ್ತೇ ಗೊತ್ತಾಗುತ್ತದೆ. ಒಪ್ಪಿಗೆಯಿಲ್ಲವೆಂದರೆ ರೈತ ಮಾಲು ಕೊಡದೆ ಕೋಲ್ಡ್ ಸ್ಟೋರೇಜಿಗೆ ಹಾಕಬಹುದು. ಕೊಟ್ಟರೆ ತೂಕ, ದರ, ಕಡಿತ ಎಲ್ಲ ಬರೆದ ಪಟ್ಟಿ ಕೈಗೆ ಬರುತ್ತದೆ. ಆ ದರ ಕಡಿಮೆಯಾಯಿತೆಂದು ರೈತ ಜಗಳ ಮಾಡಬಹುದು, ಏಕೆಂದರೆ ಜಗಳ ಮಾಡಲು ಅಲ್ಲಿ ಒಂದು ದರ ಇದೆ. ಬರೆಯುವವರ ಮಾಲಿಗೆ ಲಾಟ್ ನಂಬರೂ ಇಲ್ಲ, ಪಟ್ಟಿಯೂ ಇಲ್ಲ. ಕಳಿಸಿದ್ದು ತಲುಪಿತೋ ಇಲ್ಲವೋ ಗೊತ್ತಿಲ್ಲ. ಬೇರೆ ಕಡೆ ಕೊಡೋಣವೆಂದರೆ ಅಷ್ಟರಲ್ಲಿ ಇವರು ಹಾಕಿಬಿಟ್ಟರೆ ಎಂಬ ಹೆದರಿಕೆ. ಯುಗಾದಿಗೆ ಬರೆದದ್ದು ಯುಗಾದಿ ಕಳೆದರೆ ಮಣ್ಣುಪಾಲು, ಅದಕ್ಕೆ ಕೋಲ್ಡ್ ಸ್ಟೋರೇಜೂ ಇಲ್ಲ.

ಇದು ಹೀಗೇ ಇರಬೇಕೆಂಬ ವಿಧಿಯೇನಿಲ್ಲ. ಧಾರವಾಡದ ಆಕಾಶವಾಣಿ 1950ರಲ್ಲಿ ಶುರುವಾದದ್ದು. ಅಲ್ಲಿಗೆ ಒಂದು ಭಾಷಣ ಬರೆದು ಓದಲು ನನ್ನನ್ನು ಕರೆದಾಗ ಧ್ವನಿಮುದ್ರಣಕ್ಕೆ ಮೊದಲೇ ಕರಾರು ಪತ್ರ ಬಂತು. ವಿಷಯ, ಎಷ್ಟು ನಿಮಿಷ, ಯಾವ ದಿನ, ಎಷ್ಟು ಹಣ, ಎಲ್ಲ ಅದರಲ್ಲಿ ಅಚ್ಚಾಗಿತ್ತು. ಒಪ್ಪಿಗೆಯಾದರೆ ಸಹಿ ಹಾಕಿ ಕಳಿಸಿ ಎಂದಿದ್ದರು. ಮೊತ್ತ ದೊಡ್ಡದಾಗಿರಲಿಲ್ಲ. ಆದರೆ ಒಬ್ಬ ಹೊಸಬಳನ್ನು ಕರೆಸಿಕೊಳ್ಳುವಾಗ ಹಣದ ಮಾತು ಆಡುವುದು ಅಸಭ್ಯವಲ್ಲ ಎಂದು ಆ ಸರ್ಕಾರಿ ಸಂಸ್ಥೆಗೆ ಗೊತ್ತಿದೆ. ಸರ್ಕಾರಿ ಕಚೇರಿಗಳ ಕಾಗದಪತ್ರವನ್ನು ದಿನಾ ಗೇಲಿ ಮಾಡುವ ನಮ್ಮ ಪತ್ರಿಕೆಗಳು ಅಂಥ ಒಂದು ಹಾಳೆಯನ್ನು ಇಟ್ಟುಕೊಳ್ಳಬಾರದೇ?

(ಸರ್ಕಾರದ ಮಾತು ಬಂದದ್ದಕ್ಕೆ ಇನ್ನೊಂದು ಹೇಳಿಬಿಡುತ್ತೇನೆ. ಬಿಡಿಯಾಗಿ ಬರೆಯುವ ಹೆಂಗಸರಿಗೆ ಈ ರಾಜ್ಯದಲ್ಲಿ ಪ್ರಯಾಣ ಭತ್ಯೆ ಅಂತ ಏನಾದರೂ ಸಿಕ್ಕಿದ್ದರೆ ಅದು 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆ. ಹಾವೇರಿ, ರಾಣೆಬೆನ್ನೂರು, ಹುಬ್ಬಳ್ಳಿಗೆ ನಾನು ವರದಿಗೆಂದು ತಿರುಗುವುದು ಆ ಶೂನ್ಯ ಟಿಕೆಟಿನಲ್ಲಿ. ಯಾವ ಪತ್ರಿಕೆಯೂ ಇದುವರೆಗೆ ನನ್ನ ಬಸ್ಸಿನ ಖರ್ಚು ಕೇಳಿಲ್ಲ.)

ದರ ಕೇಳುವುದನ್ನು ನಾನು ಶುರುಮಾಡಿದ್ದು 2024ರ ಮಾರ್ಚ್ 11ರಿಂದ. ಅವತ್ತು ಸೋಮವಾರ, ಮಾರುಕಟ್ಟೆ ದಿನ. ಹಿಂದಿನ ದರಕ್ಕೂ ಅಂದಿನ ದರಕ್ಕೂ ಇದ್ದ ಅಂತರ ನೋಡಿ ರೈತರು ರೊಚ್ಚಿಗೆದ್ದರು. ಎಪಿಎಂಸಿ ಕಚೇರಿಗೆ ಕಲ್ಲು ಬಿತ್ತು, ವಾಹನಗಳು ಸುಟ್ಟವು. ಟಿ.ವಿ.ಯವರೆಲ್ಲ ಓಡಿ ಬಂದರು. ಸಂಜೆ ಒಂದು ಪತ್ರಿಕೆಯ ಡೆಸ್ಕಿನಿಂದ ನನಗೆ ಫೋನು: ‘ಮೇಡಂ, ನೀವು ಅಲ್ಲಿಯವರಲ್ವಾ? ದರ ಯಾಕೆ ಬಿತ್ತು, ಒಳಗಿನ ಕತೆ ಏನು, ಎಂಟುನೂರು ಪದದಲ್ಲಿ ಬರೆದು ಕಳಿಸಿ.’ ಹಣದ ಮಾತೆತ್ತಿದೆ. ‘ಅದೆಲ್ಲ ಆಮೇಲೆ ನೋಡೋಣ ಮೇಡಂ, ಪೇಜು ಹೋಗ್ಬೇಕು’ ಅಂದರು. ‘ಈಗಲೇ ಕೇಳಿ ಹೇಳಿ ಸರ್, ಅಷ್ಟರಲ್ಲಿ ನಾನು ಶುರು ಮಾಡಿರ್ತೀನಿ’ ಅಂದೆ. ಹತ್ತು ನಿಮಿಷದಲ್ಲಿ ವಾಪಸು ಫೋನು ಮಾಡಿ ಒಂದು ಮೊತ್ತ ಹೇಳಿದರು. ನನ್ನ ಮೊದಲ ಸಂಭಾವನೆಯ ನಾಲ್ಕರಷ್ಟಿತ್ತು. ಕೇಳಿದರೆ ಕೋಪ ಮಾಡಿಕೊಳ್ಳುತ್ತಾರೆ, ಮುಂದೆ ಕರೆಯುವುದಿಲ್ಲ ಎಂದು ಹಿರಿಯ ಬರಹಗಾರರೊಬ್ಬರು ನನ್ನನ್ನು ಹೆದರಿಸಿದ್ದರು. ಹಾಗೇನೂ ಆಗಲಿಲ್ಲ. ಅದೇ ಡೆಸ್ಕಿಗೆ ಈಗಲೂ ಬರೆಯುತ್ತೇನೆ.

ಡೆಸ್ಕಿನಲ್ಲಿ ಕೂತವರನ್ನು ಖಳರನ್ನಾಗಿ ಮಾಡುವುದು ನನ್ನ ಉದ್ದೇಶವಲ್ಲ. ಅವರೂ ಸಂಬಳದವರೇ, ದರ ನಿಗದಿ ಮಾಡುವವರಲ್ಲ. ನನಗೆ ಬರೆಯುವ ಕಸುಬು ಕಲಿಸಿದವರೇ ಅಂಥ ಒಬ್ಬ ಉಪಸಂಪಾದಕಿ. ತೊಟ್ಟು ಬಿಡಿಸುವವರ ಲೇಖನವನ್ನು ನಾನು ಬ್ಯಾಡಗಿಯ ಇತಿಹಾಸದಿಂದ ಆರಂಭಿಸಿದ್ದೆ. ಫೋನು ಮಾಡಿ, ‘ಮೊದಲಿನ ಮೂರು ಪ್ಯಾರಾ ವಿಕಿಪೀಡಿಯದಲ್ಲೂ ಇದೆ. ಕೂಸನ್ನು ಎತ್ತಿಕೊಳ್ಳೋ ಮುಂಚೆ ಕೈ ಒರೆಸ್ಕೋತಾರೆ ಅಂತ ಕೊನೇಲಿ ಬರ್ದಿದೀರಲ್ಲ, ಅದನ್ನ ಮೇಲಕ್ಕೆ ತನ್ನಿ’ ಅಂದರು. ಎಂ.ಎ.ಯ ಎರಡು ವರ್ಷದಲ್ಲಿ ಯಾರೂ ಅಷ್ಟು ಚೊಕ್ಕವಾಗಿ ಹೇಳಿಕೊಟ್ಟಿರಲಿಲ್ಲ. ಅಂಥವರಿಗೆ ಒಂದೊಂದು ಲೇಖನ ಬರೆದವರ ಜತೆ ಐದೈದು ನಿಮಿಷ ಮಾತಾಡಲು ಬಿಡುವು ಸಿಗಬೇಕು. ಒಬ್ಬರ ಕೈಗೆ ಮೂರು ಪುಟ ಕೊಟ್ಟರೆ ಎಲ್ಲಿಂದ ಬರಬೇಕು ಬಿಡುವು?

ನಾವು ಮಾಡಬೇಕಾದದ್ದೂ ಇದೆ. ಯಾವ ಪುರವಣಿಯಲ್ಲಿ ಯಾವ ಜಾಗಕ್ಕೆ ಎಷ್ಟು ಪದ ಹಿಡಿಯುತ್ತದೆ ಎಂದು ಎಣಿಸದೆ ಎರಡು ಸಾವಿರ ಪದ ಕಳಿಸಿ, ಹಾಕಲಿಲ್ಲವೆಂದು ಮುನಿಸಿಕೊಳ್ಳುವವರು ನಮ್ಮಲ್ಲಿ ಕಡಿಮೆಯಿಲ್ಲ. ಪೂರ್ತಿ ಬರೆಯುವ ಮೊದಲು ಐದು ಸಾಲಿನ ಮೇಲ್ ಹಾಕಿ, ಇಂಥ ವಿಷಯ, ಇಂಥವರನ್ನು ಮಾತಾಡಿಸಿದ್ದೇನೆ, ಇಷ್ಟು ಪದ, ಫೋಟೊ ಇದೆ ಎಂದು ತಿಳಿಸಿದರೆ ಇಬ್ಬರ ಸಮಯವೂ ಉಳಿಯುತ್ತದೆ. ಫೋಟೊವನ್ನು ವಾಟ್ಸಾಪಿನಲ್ಲಿ ಹಾಗೇ ಕಳಿಸಿದರೆ ಕುಗ್ಗಿಹೋಗಿ ಅಚ್ಚಿಗೆ ಬರುವುದಿಲ್ಲ, ಡಾಕ್ಯುಮೆಂಟ್ ಮಾಡಿ ಕಳಿಸಬೇಕು. ಸಂಜೆ ಪುಟ ಕಟ್ಟುವ ಹೊತ್ತಿಗೆ ಫೋನು ಮಾಡಬಾರದು. ಇನ್ನು ಅಕ್ಷರದ ಗೋಳು ಬೇರೆ. ನಾವು ಮೊಬೈಲಿನಲ್ಲಿ ಯೂನಿಕೋಡಿನಲ್ಲಿ ಕುಟ್ಟುತ್ತೇವೆ, ಎಷ್ಟೋ ಕಡೆ ಪುಟ ಕಟ್ಟುವುದು ಇನ್ನೂ ಹಳೆಯ ಫಾಂಟುಗಳಲ್ಲಿ. ‘ನುಡಿಯಲ್ಲಿ ಕಳಿಸಿ’ ಅನ್ನುತ್ತಾರೆ. ಕನ್ವರ್ಟರಿಗೆ ಹಾಕಿದರೆ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹಾರುತ್ತದೆ, ಒತ್ತು ಕಳಚಿ ಬೀಳುತ್ತದೆ. ಒಂದು ಸಲ ಓದಿ ಸರಿಮಾಡಿ ಕಳಿಸುವ ಬರಹಗಾರರನ್ನು ಡೆಸ್ಕಿನವರು ಮರೆಯುವುದಿಲ್ಲ. ಇದು ಪ್ರತಿಭೆಯ ಮಾತಲ್ಲ, ಬರೀ ಕಸುಬಿನ ಶಿಸ್ತು. ಆದರೆ ಎರಡನೆಯ ಲೇಖನ ಕೇಳಿಸುವುದು ಬಹುಪಾಲು ಇದೇ.

ಪತ್ರಿಕೆಯ ಲೇಖನವೊಂದರಿಂದಲೇ ಹೊಟ್ಟೆ ತುಂಬುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ನನ್ನ ಮನೆ ಖರ್ಚು ನಡೆಯುವುದು ಅನುವಾದದಿಂದ, ಪ್ರಕಾಶಕರಿಗೆ ಕರಡು ತಿದ್ದುವುದರಿಂದ, ಸ್ವಯಂಸೇವಾ ಸಂಸ್ಥೆಗಳ ವರದಿ ಬರೆದುಕೊಡುವುದರಿಂದ. 2020ರಲ್ಲಿ ಫ್ಲಿಪ್‌ಕಾರ್ಟ್, ಅಮೆಜಾನ್ ಎರಡೂ ಕನ್ನಡದಲ್ಲಿ ಬಂದವು. ಅಂಥ ಕಂಪನಿಗಳಿಗೆ ಕನ್ನಡ ಬರೆಯುವ ಕೈಗಳು ಬೇಕಾಗುತ್ತವೆ. ಈಗ ಅದಕ್ಕೂ ಹೊಸ ವರಸೆ ಬಂದಿದೆ. ಯಂತ್ರ ಅನುವಾದ ಮಾಡಿಟ್ಟದ್ದನ್ನು ಕಳಿಸಿ, ‘ಸುಮ್ನೆ ಒಂಚೂರು ತಿದ್ದಿಕೊಡಿ’ ಎಂದು ಪದಕ್ಕೆ ಮೊದಲಿನ ಅರ್ಧ ದರ ಹೇಳುತ್ತಾರೆ. ತಿದ್ದಲು ಕೂತರೆ ಹೊಸದಾಗಿ ಬರೆಯುವಷ್ಟೇ ಹೊತ್ತು ಹಿಡಿಯುತ್ತದೆ. ಅಂಥ ಕೆಲಸ ಬಂದರೆ ನಾನು ಒಂದು ಪುಟ ಮಾದರಿ ತಿದ್ದಿ ಎಷ್ಟು ಹೊತ್ತಾಯಿತೆಂದು ತೋರಿಸಿ ಗಂಟೆಯ ಲೆಕ್ಕದಲ್ಲಿ ಕೇಳುತ್ತೇನೆ. ಕೆಲವರು ಒಪ್ಪುತ್ತಾರೆ. ಒಪ್ಪದವರ ಕೆಲಸ ಹಿಡಿಯುವುದಿಲ್ಲ.

ಇವನ್ನೆಲ್ಲ ಮಾತಾಡಿದಾಗ ಸಭೆಗಳಲ್ಲಿ ಯಾರಾದರೊಬ್ಬರು ಎದ್ದು ಗಳಗನಾಥರ ಕತೆ ಹೇಳುತ್ತಾರೆ. ಗಳಗನಾಥರು ನಮ್ಮ ಹಾವೇರಿ ಸೀಮೆಯವರೇ. ಶಾಲಾ ಮಾಸ್ತರರಾಗಿದ್ದವರು, ಅಗಡಿಯ ‘ಸದ್ಬೋಧ ಚಂದ್ರಿಕೆ’ಗೆ ದುಡಿದವರು, ತಾವು ಬರೆದ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಕತೆ ಹೇಳುವವರು ಕೈ ಮುಗಿದು ಹೇಳುತ್ತಾರೆ, ಕೇಳುವವರೂ ಕೈ ಮುಗಿಯುತ್ತಾರೆ. ಅದರ ತಾತ್ಪರ್ಯ ಮಾತ್ರ ವಿಚಿತ್ರ: ದೊಡ್ಡವರೇ ಅಷ್ಟು ಕಷ್ಟಪಟ್ಟಿದ್ದಾರೆ, ನಿಮ್ಮದೇನು ಸಂಭಾವನೆಯ ಗಲಾಟೆ? ನಾನು ಅದೇ ಕತೆಯನ್ನು ಬೇರೆ ಥರ ಓದುತ್ತೇನೆ. ಆ ಮನುಷ್ಯ ಪುಸ್ತಕ ಹಂಚಲಿಲ್ಲ, ಮಾರಿದರು. ಬಾಗಿಲಿಗೆ ಹೋಗಿ ಬೆಲೆ ಹೇಳಿ ಹಣ ಇಸಿದುಕೊಂಡರು. 1942ರಲ್ಲಿ ತೀರಿಹೋದ ಒಬ್ಬ ಮಾಸ್ತರರಿಗೆ ಇಲ್ಲದ ಸಂಕೋಚ ಇವತ್ತಿನ ನಮಗೆ ಯಾಕೆ?

‘ಹೆಸರು ಬರುತ್ತಲ್ಲ’ ಎಂಬ ಸಮಾಧಾನವೂ ಉಂಟು. ಬರುತ್ತದೆ, ನಿಜ. ನನ್ನ ಅತ್ತೆ, ಅಂದರೆ ಅಪ್ಪನ ಅಕ್ಕ, ಆ ಅರ್ಧ ಪುಟವನ್ನು ಮಡಚಿ ಪೆಟ್ಟಿಗೆಯಲ್ಲಿ ಇಟ್ಟಿದ್ದಾಳೆ. ಅನುವಾದದ ಕೆಲಸ ಹುಡುಕಿಕೊಂಡು ಬಂದದ್ದೂ ಪತ್ರಿಕೆಯಲ್ಲಿ ಹೆಸರು ನೋಡಿದವರಿಂದಲೇ. ಆದರೆ ಹೆಸರು ಸಂಭಾವನೆಯ ಬದಲಿಗೆ ಕೊಡುವ ವಸ್ತುವಲ್ಲ. ಹೆಸರು ಹಾಕುವುದಕ್ಕೆ ಪತ್ರಿಕೆಗೆ ಖರ್ಚೇನೂ ಇಲ್ಲ. ಪುಟ ಕಟ್ಟಿದವರಿಗೆ, ಅಚ್ಚು ಹಾಕಿದವರಿಗೆ, ನಸುಕಿನಲ್ಲಿ ಸೈಕಲ್ ತುಳಿದು ಮನೆಮನೆಗೆ ಹಾಕುವ ಹುಡುಗನಿಗೆ ತಮ್ಮ ದುಡ್ಡು ಎಷ್ಟೆಂದು ಮೊದಲೇ ಗೊತ್ತಿರುತ್ತದೆ. ಪುಟದಲ್ಲಿ ಇರುವುದನ್ನು ಬರೆದವರೊಬ್ಬರಿಗೆ ಮಾತ್ರ ಗೊತ್ತಿರುವುದಿಲ್ಲ. ಪತ್ರಿಕೆಗಳ ಆದಾಯ ಇಳಿದಿದೆ, ಕಾಗದದ ಬೆಲೆ ಏರಿದೆ ಎಂಬುದೂ ನಿಜವೇ. ಹಾಗಿದ್ದರೆ ಕಡಿಮೆ ದರವನ್ನೇ ಹೇಳಲಿ. ಕೊಡಲು ಆಗದಿದ್ದರೆ ಅದನ್ನೂ ಹೇಳಲಿ. ಕೆಲವು ಸಣ್ಣ ಸಾಹಿತ್ಯ ಪತ್ರಿಕೆಗಳು ‘ಸಂಭಾವನೆ ಕೊಡುವ ಶಕ್ತಿ ನಮಗಿಲ್ಲ’ ಎಂದು ಮುಂಚೆಯೇ ತಿಳಿಸುತ್ತವೆ. ಅವಕ್ಕೆ ನಾನು ಸಂತೋಷದಿಂದ ಬರೆದಿದ್ದೇನೆ.

ಕಾನೂನು ಏನನ್ನುತ್ತದೆ ಎಂಬುದನ್ನು ತಿಳಿದವರೂ ನಮ್ಮಲ್ಲಿ ಕಮ್ಮಿ. 1955ರ ಕಾರ್ಯನಿರತ ಪತ್ರಕರ್ತರ ಕಾಯ್ದೆ ರೂಪುಗೊಂಡದ್ದು ಪತ್ರಿಕೆಯಲ್ಲಿ ಉದ್ಯೋಗದಲ್ಲಿ ಇರುವವರಿಗಾಗಿ, ವೇತನ ಮಂಡಳಿಗಳು ಲೆಕ್ಕ ಹಾಕಿದ್ದೂ ಅವರ ಸಂಬಳವನ್ನೇ. ಹೊರಗಿನಿಂದ ಬಿಡಿ ಲೇಖನ ಕಳಿಸುವವರು ಆ ಲೆಕ್ಕದಲ್ಲಿ ಬರುತ್ತಿರಲಿಲ್ಲ. ಆದರೆ 1957ರ ಕೃತಿಸ್ವಾಮ್ಯ ಕಾಯ್ದೆ ನಮ್ಮ ಪರವಾಗಿಯೇ ಇದೆ. ಸಂಬಳಕ್ಕಿರುವವರು ಬರೆದದ್ದರ ಪ್ರಕಟಣೆಯ ಹಕ್ಕು ಪತ್ರಿಕೆಯದ್ದು. ಸಂಬಳಕ್ಕಿಲ್ಲದ ನಾವು ಬರೆದದ್ದರ ಹಕ್ಕು, ಬೇರೆ ಕರಾರು ಇಲ್ಲದಿದ್ದರೆ, ನಮ್ಮದೇ. ಅದನ್ನು ಬೇರೆಯವರಿಗೆ ಬಿಟ್ಟುಕೊಡುವುದಾದರೆ ಬರಹದಲ್ಲಿ ಇರಬೇಕು, ಸಹಿ ಇರಬೇಕು. ಎಷ್ಟು ಕಾಲಕ್ಕೆಂದು ಬರೆದಿರದಿದ್ದರೆ ಐದು ವರ್ಷಕ್ಕೆ ಮಾತ್ರ ಎಂದು ಲೆಕ್ಕ. ನನ್ನ ಲೇಖನವೊಂದು ಸ್ಪರ್ಧಾತ್ಮಕ ಪರೀಕ್ಷೆಯ ಕೈಪಿಡಿಯಲ್ಲಿ ‘ಮಾದರಿ ಪ್ರಬಂಧ’ವಾಗಿ ಅಚ್ಚಾದದ್ದನ್ನು ಟ್ಯೂಷನ್ನಿಗೆ ಹೋಗುವ ಪಕ್ಕದ ಮನೆಯ ಹುಡುಗ ತಂದು ತೋರಿಸಿದ. ಪ್ರಕಾಶಕರಿಗೆ ಈ ಕಾಯ್ದೆಯ ಹೆಸರು ಬರೆದು ಒಂದು ಕಾಗದ ಹಾಕಿದೆ. ದುಡ್ಡು ಬಂತು, ಜತೆಗೆ ಎರಡು ಗೌರವ ಪ್ರತಿ.

ಇನ್ನೊಂದು 2006ರ ಎಂಎಸ್‌ಎಂಇ ಕಾಯ್ದೆ. ಸೇವೆ ಒದಗಿಸುವ ಒಬ್ಬ ವ್ಯಕ್ತಿಯೂ ಉದ್ಯಮ್ ತಾಣದಲ್ಲಿ ಆಧಾರ್ ಕೊಟ್ಟು ಉಚಿತವಾಗಿ ನೋಂದಣಿ ಮಾಡಿಸಿಕೊಳ್ಳಬಹುದು. ಹಾಗೆ ನೋಂದಣಿಯಾದವರಿಗೆ ಕೆಲಸ ಕೊಟ್ಟವರು ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು, ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರರಷ್ಟು ಚಕ್ರಬಡ್ಡಿ. ಐನೂರು ರೂಪಾಯಿಗೆ ಯಾರು ದೂರು ಕೊಟ್ಟುಕೊಂಡು ಓಡಾಡುತ್ತಾರೆ ಎಂದರೆ ಸರಿಯೇ. ಆದರೆ ಅನುವಾದದ ದೊಡ್ಡ ಬಿಲ್ಲುಗಳ ಕೆಳಗೆ ನೋಂದಣಿ ಸಂಖ್ಯೆ ಹಾಕತೊಡಗಿದ ಮೇಲೆ ಏಜೆನ್ಸಿಗಳ ಅಕೌಂಟ್ಸ್ ವಿಭಾಗದವರು ನನಗೆ ತಾವಾಗಿಯೇ ಫೋನು ಮಾಡುವುದನ್ನು ಕಲಿತಿದ್ದಾರೆ.

ಬೇಡವೆಂದು ತಿಳಿಸುವುದು, ದರ ಹೇಳುವುದು ಪತ್ರಿಕೆಗಳಿಗೆ ಕಷ್ಟದ ಕೆಲಸವೆಂದು ನಾನು ಒಪ್ಪುವುದಿಲ್ಲ. ದೀಪಾವಳಿ ವಿಶೇಷಾಂಕದ ಕಥಾಸ್ಪರ್ಧೆಯ ಪ್ರಕಟಣೆಗಳನ್ನು ತೆಗೆದು ನೋಡಿ. ಪದಮಿತಿ ಇರುತ್ತದೆ, ಕೊನೆಯ ದಿನಾಂಕ ಇರುತ್ತದೆ, ಮೊದಲ ಬಹುಮಾನ ಎರಡನೆಯ ಬಹುಮಾನ ಎಷ್ಟೆಂದು ಇರುತ್ತದೆ, ಯಾವ ವಿಳಾಸಕ್ಕೆ ಕಳಿಸಬೇಕೆಂದು ಇರುತ್ತದೆ. ಹಬ್ಬಕ್ಕೊಮ್ಮೆ ಅಷ್ಟು ಅಚ್ಚುಕಟ್ಟಾಗಿ ಹೇಳಲು ಬರುವವರಿಗೆ ವಾರವಾರದ ಪುರವಣಿಗೆ ಹೇಳಲು ಬರುವುದಿಲ್ಲವೇ? ಸಂಪಾದಕರಲ್ಲಿ, ಈ ಪತ್ರಿಕೆಯ ಸಂಪಾದಕರನ್ನೂ ಸೇರಿಸಿ, ನನ್ನ ಕೋರಿಕೆ ಇಷ್ಟೇ. ಪ್ರತಿ ಪುರವಣಿಯ ಕೆಳಗೆ ವರ್ಷಕ್ಕೆರಡು ಸಲವಾದರೂ ನಾಲ್ಕು ಸಾಲು ಅಚ್ಚು ಹಾಕಿ: ಎಷ್ಟು ಪದದ ಲೇಖನ ಬೇಕು, ಎಷ್ಟು ದಿನದೊಳಗೆ ಉತ್ತರ ಬರದಿದ್ದರೆ ಬೇರೆಡೆ ಕಳಿಸಬಹುದು, ಪ್ರಕಟವಾದರೆ ಸಂಭಾವನೆ ಎಷ್ಟು, ಅದು ಯಾವ ತಿಂಗಳಲ್ಲಿ ಖಾತೆಗೆ ಬರುತ್ತದೆ. ಮುಂದಿನ ಸಲ ಸಂದರ್ಶನಕ್ಕೆ ಬಂದ ಹುಡುಗಿಗೆ ಹುದ್ದೆ ಇಲ್ಲವೆಂದು ಹೇಳುವಾಗ ಆ ನಾಲ್ಕು ಸಾಲನ್ನು ಕತ್ತರಿಸಿ ಅವಳ ಕೈಗೆ ಕೊಟ್ಟು ಕಳಿಸಿ.